ಡೈಮಂಡ್ ಸಾಲಿನ ಎರಡು ಕುರ್ಚಿ

ನನ್ನ ತಂಗಿ ನಾಟಕ ಕಂಪನಿಯಲ್ಲಿ ಹಾಡುತ್ತಾಳೆ. ನಮ್ಮ ಅವ್ವನ ಬಾಯಿಂದ ಈ ಒಂದು ವಾಕ್ಯ ಬರಲು ವರ್ಷಗಟ್ಟಲೆ ಬೇಕಾಯಿತು. ಹಂಸಭಾವಿಯಲ್ಲಿ ಯಾರಾದರೂ ಸಣ್ಣ ಮಗಳ ವಿಷಯ ಕೇಳಿದರೆ, "ಹೊರಗ ಕೆಲಸಕ್ಕ ಅದಾಳ" ಎಂದು ಹೇಳಿ, ಬೀಗರ ಮನೆಯ ಎಮ್ಮೆ ಈಯಿತೋ ಇಲ್ಲವೋ ಎಂದು ಮಾತು ತಿರುಗಿಸಿಬಿಡುತ್ತಿದ್ದಳು. ತಂಗಿ ಮನೆಗೆ ಬಂದರೆ ರೊಟ್ಟಿ ಬಡಿದು ಹಾಕುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಮೈ ಬಡವಾಗಿದೆ ಎಂದು ಗೊಣಗುತ್ತಿದ್ದಳು. ನಾಟಕದ ಸುದ್ದಿ ಮಾತ್ರ ತೆಗೆಯುತ್ತಿರಲಿಲ್ಲ. ತಂಗಿಯೂ ತೆಗೆಯುತ್ತಿರಲಿಲ್ಲ. ನಾನು ಶಿಗ್ಗಾಂವಿಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಇಬ್ಬರ ನಡುವೆ ಕೂತು ಶೇಂಗಾ ಸುಲಿಯುತ್ತಿದ್ದೆ.

ಆಮೇಲೆ ಈಗಿನ ಈ ನಾಟಕ ಬಂತು. ತುಂಬ ಹಾಡುಗಳಿರುವ ನಾಟಕ. ತಂಗಿಯದು ರಾಣಿಯ ಪಾತ್ರ. ಅರಮನೆ ಬಿಟ್ಟು ತವರಿಗೆ ಹೊರಡುವ ಮುಂಚೆ ಆ ರಾಣಿ ಒಂದು ಹಾಡು ಹಾಡುತ್ತಾಳೆ. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಬಿಟ್ಟದ್ದೇ ನೆಪ, ಕಾಳಿನ ಅಂಗಡಿ, ಟಂಟಂ ಗಾಡಿ, ಮದುವೆ ಮನೆ ಎಲ್ಲ ಕಡೆ ಅದೇ ಹಾಡು. ಒಂದು ದಿನ ಅವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಾಳೆ. ಸರದಿಗೆ ನಿಂತ ಹೆಂಗಸೊಬ್ಬಳ ಫೋನಿನಲ್ಲಿ ಹಾಡು ಹತ್ತಿದೆ. ಗಿರಣಿಯವನು ಪಟ್ಟಾ ನಿಲ್ಲಿಸಿದನಂತೆ, ಎಲ್ಲರೂ ಸುಮ್ಮನೆ ನಿಂತು ಕೇಳಿದರಂತೆ. ಯಾರ ಮಗಳು ಹಾಡುತ್ತಿದ್ದಾಳೆಂದು ಅಲ್ಲಿ ಗೊತ್ತಿದ್ದದ್ದು ಅವ್ವನಿಗೆ ಒಬ್ಬಳಿಗೇ.

ಅವತ್ತು ಸಂಜೆ ನನಗೆ ಫೋನ್ ಬಂತು.

"ಆಕಿ ಕಂಪನಿ ಇತ್ತಾಗ ಯಾವಾಗ ಬರ್ತೈತಿ?"

"ಯಾಕವ್ವಾ?"

"ಯಾಕ ಅಂತೀಯಲ್ಲ. ನೋಡಾಕ. ಒಮ್ಮೆ ಕಣ್ಣಿಲೆ ನೋಡ್ತೇನಿ."

ನಾನು ಫೋನ್ ಕೆಳಗಿಟ್ಟು ಅತ್ತೆ. ತಂಗಿಗೆ ಹೇಳಿದೆ. ಅವಳೂ ಅತ್ತಳು. ಕಂಪನಿ ಮೊದಲು ಹಾನಗಲ್ಲಿಗೆ, ಅಲ್ಲಿಂದ ಶಿಗ್ಗಾಂವಿಗೆ, ಸವಣೂರಿಗೆ, ಕೊನೆಗೆ ಹಿರೇಕೆರೂರಿಗೆ ಬರುವುದಿತ್ತು. ನಾಲ್ಕು ಊರಿನಲ್ಲಿ ಎರಡು ಟಿಕೀಟು ಸಿಗುವುದಿಲ್ಲವೇ ಎಂದುಕೊಂಡೆ. ಎಂಥ ಪೆದ್ದಿ ನಾನು.

ನಾವು ಸಣ್ಣವರಿದ್ದಾಗ ನಾಟಕದ ಟಿಕೀಟೆಂದರೆ ತಗಡಿನ ಗೋಡೆಗೆ ಕೊರೆದ ಒಂದು ಕಿಂಡಿ. ರೊಕ್ಕ ಹಿಡಿದ ಕೈ ಒಳಗೆ ತೂರಿಸಬೇಕು, ತೆಳ್ಳನೆಯ ಬಣ್ಣದ ಚೀಟಿಯೊಂದಿಗೆ ಕೈ ಹೊರಗೆ ಬರಬೇಕು. ಕುರ್ಚಿ, ಬೆಂಚು, ನೆಲ, ಮುಗಿಯಿತು. ಚೀಟಿ ತೀರಿದರೆ ಒಳಗಿನವನು "ನಾಳಿ ಬರ್ರಿ" ಎನ್ನುತ್ತಿದ್ದ. ಬೈಯಬೇಕೆಂದರೆ ಬೈಯಲು ಒಂದು ಮುಖವಾದರೂ ಇರುತ್ತಿತ್ತು.

ಈಗ ಅದೆಲ್ಲ ಫೋನಿನಲ್ಲಿ. ಹಾನಗಲ್ಲಿನ ಬುಕಿಂಗು ಬೆಳಿಗ್ಗೆ ತೆರೆಯುತ್ತದೆಂದು ಮೆಸೇಜು ಬಂದಿತ್ತು. ತೆರೆಯಿತು. ಡೈಮಂಡ್, ಗೋಲ್ಡ್, ಸಿಲ್ವರ್, ನೆಲ. ಬಂಗಾರದ ಅಂಗಡಿಗೆ ಬಂದೆನೇನೋ ಅನಿಸಿತು. ನಾನು ಗೋಲ್ಡ್ ಒತ್ತಿದೆ. ಹೆಸರು ಬರೆ, ಊರು ಬರೆ, ವಯಸ್ಸು ಬರೆ, ಅವ್ವನ ಹೆಸರು ಬರೆ, ಅವ್ವನ ವಯಸ್ಸು ಬರೆ. ಅಷ್ಟು ಬರೆಯುವುದರೊಳಗೆ ದರ ಏರಿತ್ತು. ಕಣ್ಣು ಮಂಜಾಯಿತೇ ಎಂದು ಕನ್ನಡಕ ಒರೆಸಿ ನೋಡಿದೆ. ಮತ್ತೂ ಏರಿತು. ಬಹಳ ಮಂದಿ ನೋಡುತ್ತಿದ್ದಾರೆ, ಬೇಗ ಕೊಳ್ಳಿರಿ ಎಂದು ಕೆಂಪು ಅಕ್ಷರ ಮಿಟುಕಿತು. ಹಿರೇಕೆರೂರಿನ ಪೇಟೆಗೆ ಹತ್ತಿ ಹೆಚ್ಚು ಬಂದರೆ ದರ ಬೀಳುತ್ತದೆ, ಅದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಮಂದಿ ಹೆಚ್ಚು ಬಂದರೆಂದು ಅವರದೇ ಚರ್ಮ ಹೆಚ್ಚು ಸುಲಿಯುವ ವ್ಯಾಪಾರ ಇದೇ ಮೊದಲು ಕಂಡೆ. ಕೊನೆಗೆ 'ಅನುಕೂಲ ಶುಲ್ಕ' ಎಂದು ಒಂದು ಬಾಲವನ್ನೂ ಅಂಟಿಸಿದ್ದರು. ಯಾರ ಅನುಕೂಲ? ಹಾಳಾಗಿ ಹೋಗಲಿ ಎಂದು ಒತ್ತಿದರೆ, ಗೋಲ್ಡ್ ಮುಗಿದಿದೆ ಎಂದು ತೋರಿಸಿತು. ರೊಕ್ಕ ಮಾತ್ರ ಖಾತೆಯಿಂದ ಹೋಗಿತ್ತು. ಅದು ತಿರುಗಿ ಬಂದದ್ದು ಎಂಟು ದಿನದ ಮೇಲೆ, ಆ ಅನುಕೂಲದ ಬಾಲವನ್ನು ಕತ್ತರಿಸಿಕೊಂಡು.

ಹಾನಗಲ್ಲಿನಿಂದ ದಿನಾ ಬಂದುಹೋಗುವ ನಮ್ಮ ಬ್ಯಾಂಕಿನ ಸಹೋದ್ಯೋಗಿಯೊಬ್ಬ ಆ ನಾಟಕ ನೋಡಿ ಬಂದ. ಅವನಿಗೆ ಯಾರೋ ಪುಕ್ಕಟೆ ಪಾಸು ಕೊಟ್ಟಿದ್ದರು.

"ಮುಂದಿನ ಕುರ್ಚಿ ಅರ್ಧಕ್ಕರ್ಧ ಖಾಲೀನ ಇದ್ದೂವ್ರಿ ಮೇಡಂ," ಎಂದ. "ನಾ ಅಂತೂ ಮುಂದಿನ ಕುರ್ಚಿ ಮ್ಯಾಲ ಕಾಲ ಇಟ್ಕೊಂಡು ನೋಡಿದೆ."

ಎಲೆ ಅಡಿಕೆ ಜಗಿಯುತ್ತ ಬಹಳ ಖುಷಿಯಿಂದ ಹೇಳಿದ. ಮುಗಿದಿದೆ ಎಂದ ಟಿಕೀಟಿನ ಕುರ್ಚಿಗಳ ಮೇಲೆ ಇವನ ಕಾಲು ಇದ್ದವು. ಅವತ್ತು ಅವನು ತಂದ ಚಹಾ ನನಗೆ ಸೇರಲಿಲ್ಲ.

ಶಿಗ್ಗಾಂವಿ ನಾನಿರುವ ಊರೇ ಆದ್ದರಿಂದ ಧೈರ್ಯ ಇತ್ತು. ಅಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿಯವನ ಹತ್ತಿರ ಟಿಕೀಟು ಇವೆಯೆಂದು ಸುದ್ದಿ ಬಂತು. ಹೋದೆ. ಇದ್ದವು. ಟಿಕೀಟಿನ ಮೇಲೆ ಅಚ್ಚಾದ ಬೆಲೆಯನ್ನು ಅವನು ಹೆಬ್ಬೆರಳಿನಿಂದ ಮುಚ್ಚಿಕೊಂಡು ತನ್ನ ಬೆಲೆ ಹೇಳಿದ. ಎರಡು ಪಟ್ಟು.

"ಬಟ್ಟು ತಗೀ, ನೋಡೂನು," ಎಂದೆ.

"ಯಾಕ್ರಿ ಮೇಡಂ, ನಮಗೂ ಹೊಟ್ಟಿ ಐತಿ. ನಾಳಿ ಬಂದ್ರ ಇನ್ನೂ ಏರಿರ್ತೈತಿ ನೋಡ್ರಿ."

"ನಿನ್ನ ಹೊಟ್ಟಿ ತುಂಬಸಾಕ ನಮ್ಮವ್ವ ನಾಟಕಾ ನೋಡಬೇಕೇನು?"

ಅಂಗಡಿಯಲ್ಲಿದ್ದವರು ನಕ್ಕರು. ನಾನು ಹಟಕ್ಕೆ ಬಿದ್ದು ಬರಿಗೈಲಿ ಬಂದೆ. ಕಂಪನಿಯ ಮ್ಯಾನೇಜರಿಗೆ ಫೋನ್ ಹಚ್ಚಿ ದಬಾಯಿಸಿದೆ. ಆತ ಸಕ್ಕರೆಯಂಥ ದನಿಯಲ್ಲಿ, "ಟಿಕೀಟು ನಮ್ಮ ಕೈಯಾಗ ಇಲ್ರಿ ಅಕ್ಕಾರ. ಗುತ್ತಿಗಿ ಕೊಟ್ಟೇವಿ. ನಮ್ಮದು ಬರೇ ನಾಟಕಾ ಮಾಡೂದು," ಎಂದ. ಗುತ್ತಿಗೆ ಹಿಡಿದವನಿಗೆ ಹಚ್ಚಿದರೆ ಒಂದು ಹೆಣ್ಣುದನಿ ಕನ್ನಡಕ್ಕೆ ಒಂದು ಒತ್ತಿರಿ ಎಂದಿತು. ಒತ್ತಿದೆ. ಇಂಗ್ಲಿಷಿನಲ್ಲಿ ಮಾತಾಡಿತು.

ಕಂಪನಿ ಸವಣೂರಿಗೆ ಹೋಗುವ ಹೊತ್ತಿಗೆ ನನಗೆ ಸಾಕಾಗಿತ್ತು. ತಂಗಿಗೇ ಕೇಳಿದೆ. "ನಿನಗ ಪಾಸ್ ಕೊಡೂದಿಲ್ಲೇನ? ಮೊದಲ ಕಲಾವಿದರ ಮನಿಯವರಿಗೆ ಎರಡೆರಡು ಕೊಡತಿದ್ರಲ್ಲ?"

"ಅದನ್ನ ಬಂದ್ ಮಾಡ್ಯಾರ ಅಕ್ಕಾ. ಪಾಸ್ ಎಲ್ಲಾ ದೊಡ್ಡ ಮಂದಿಗೆ ಹೋಗ್ತಾವ. ನೆಲದ ಟಿಕೀಟಾದ್ರ ಇಲ್ಲಿ ಸಿಗತೈತಿ, ಬರ್ತೀರೇನು?"

ನೆಲದ ಮೇಲೆ ಅವ್ವ ಕೂರಲಾರಳು. ಮೊಣಕಾಲು ಮಡಿಚಿ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು. ಅದು ತಂಗಿಗೂ ಗೊತ್ತು. "ಇರಲಿ ಬಿಡು, ಹಿರೇಕೆರೂರಿಂದು ನಾನ ಮಾಡ್ತೇನಿ," ಎಂದಳು. ಮಾಡಿದಳು. ತನ್ನ ಪಗಾರದಲ್ಲಿ ಮುರಿಸಿಕೊಂಡು, ತಾನೇ ರಾಣಿಯಾಗಿ ಹಾಡುವ ನಾಟಕಕ್ಕೆ, ತನ್ನ ಹೆತ್ತವ್ವನಿಗಾಗಿ, ಡೈಮಂಡ್ ಸಾಲಿನ ಎರಡು ಟಿಕೀಟು ಕೊಂಡಳು. ಅನುಕೂಲ ಶುಲ್ಕ ಅವಳಿಗೂ ಬಿಟ್ಟಿರಲಿಲ್ಲ. ನನಗೆ ಹೇಸಿಗೆ ಬಂತು. ಹಾಡುವವಳ ಕೈಯಿಂದಲೇ ಹಾಡಿನ ರೊಕ್ಕ ಕೀಳುವವರ ಮುಖ ಹೇಗಿರುತ್ತದೋ ನೋಡಬೇಕೆನಿಸಿತು. ಅವ್ವನಿಗೆ ಈ ಸಂಗತಿ ಹೇಳಲಿಲ್ಲ.

ಹಿರೇಕೆರೂರಿನ ನಾಟಕದ ದಿನ ನಾನು ಮಧ್ಯಾಹ್ನವೇ ಹಂಸಭಾವಿಗೆ ಹೋದೆ. ಅವ್ವ ಇಳಕಲ್ಲ ಸೀರೆ ಉಟ್ಟು, ಶೇಂಗಾ ಹೋಳಿಗೆ ಕಟ್ಟಿಕೊಂಡು, ಮಟಮಟ ಬಿಸಿಲಲ್ಲಿ ಅಂಗಳದಲ್ಲಿ ನಿಂತಿದ್ದಳು. ನಾಟಕ ಇದ್ದದ್ದು ಸಂಜೆಗೆ. ಅವ್ವನ ಜೊತೆಗಿರುವ ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಬಸ್ಸಿನಲ್ಲಿ ಯಾರೋ ಪರಿಚಯದವಳು ಎಲ್ಲಿಗೆ ಎಂದು ಕೇಳಿದಾಗ ಅವ್ವ ನೆಟ್ಟಗೆ ಕೂತು, "ನಮ್ಮ ಸಣ್ಣಾಕಿ ನಾಟಕ ಐತಿ. ಹಾಡ್ತಾಳ ಆಕಿ," ಎಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ನಾವು ಎಲ್ಲಿ ಕುಂತೇವಿ ಅಂತ ಆಕಿಗೆ ಕಾಣತೈತೇನ?" ಎಂದು ನನ್ನನ್ನು ಕೇಳಿದಳು.

"ಆಕಿನ ಬುಕ್ ಮಾಡ್ಯಾಳವ್ವಾ, ನಂಬರ್ ಗೊತ್ತೈತಿ. ಎರಡನೇ ಸಾಲು, ನಟ್ಟನಡುವ. ಎದುರಿಗೇ ಕಾಣ್ತೇವಿ."

"ಹಂಗಾರ ಸೆರಗು ಸರಿ ಐತೇನ ನೋಡು."

ನಾಟಕದ ಬಾಗಿಲಲ್ಲಿ ನನ್ನ ಫೋನನ್ನು ಒಂದು ಯಂತ್ರಕ್ಕೆ ತೋರಿಸಿದರು. ಅದು ಕುಂಯ್ ಎಂದಿತು. ಇಬ್ಬರ ಮಣಿಕಟ್ಟಿಗೂ ಬೆಳ್ಳಿಬಣ್ಣದ ಕಾಗದದ ಪಟ್ಟಿ ಸುತ್ತಿದರು. ದನದ ಪೇಟೆಯಲ್ಲಿ ಮಾರಾಟವಾದ ಹೋರಿಗೆ ಗುರುತು ಹಾಕಿದ ಹಾಗೆ. ಅವ್ವ ಅದನ್ನು ಬಳೆಯ ಹಾಗೆ ಮುಂದೆ ಸರಿಸಿಕೊಂಡಳು. ಒಳಗೆ ಹೋದರೆ ಡೈಮಂಡ್ ಎಂಬುದು ನಮ್ಮ ಮದುವೆ ಮಂಟಪಗಳ ಅದೇ ಪ್ಲಾಸ್ಟಿಕ್ ಕುರ್ಚಿ, ಮೇಲೆ ಬಿಳಿ ಬಟ್ಟೆಯ ಗವಸು, ಗವಸಿನ ಮೇಲೆ ಯಾವುದೋ ಊಟದ ಅರಿಶಿನದ ಕಲೆ. ನಂಬರು ಹುಡುಕಿದೆ. ಸಿಕ್ಕಿತು. ನಮ್ಮ ಎರಡು ಕುರ್ಚಿಯ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಟವೆಲ್ ಹಾಸಿತ್ತು.

ನಮ್ಮ ಕಡೆ ಟವೆಲ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಹಾವೇರಿ ಬಸ್ಸು ಸ್ಟ್ಯಾಂಡಿಗೆ ಬರುವ ಮೊದಲೇ ಕಿಟಕಿಯಿಂದ ಒಳಗೆ ಟವೆಲ್ ಬಿದ್ದರೆ ಆ ಸೀಟು ಬಿದ್ದ ಟವೆಲಿನವನದು. ಅವನು ನಿಧಾನವಾಗಿ ಚಹಾ ಕುಡಿದು ಹತ್ತಿದರೂ ಅವನದೇ. ದವಾಖಾನೆಯ ಬೆಂಚು, ಮದುವೆಯ ಪಂಕ್ತಿ, ಎಲ್ಲ ಕಡೆ ಇದೇ ಕಾಯಿದೆ. ಗರ್ಭಿಣಿಯರು ನಿಂತಿರುತ್ತಾರೆ, ಟವೆಲ್ ಕೂತಿರುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ.

ನಾನು ಮುಟ್ಟಿದೆ. ಎತ್ತಿ ಹಿಂದಿನ ಕುರ್ಚಿಗೆ ಒಗೆದೆ. ಎಲ್ಲಿದ್ದನೋ, ಕೊರಳಿಗೆ ಬಿಲ್ಲೆ ಹಾಕಿಕೊಂಡ ಒಬ್ಬ ಸ್ವಯಂಸೇವಕ ಓಡಿ ಬಂದ.

"ಏ ಏ, ಅದನ್ಯಾಕ ತಗದ್ರಿ? ಅದು ಧಣ್ಯಾರ್ದು."

"ಯಾವ ಧಣ್ಯಾರು? ಇದು ನಮ್ಮ ನಂಬರ್ ಐತಿ. ನೋಡ್ರಿಲ್ಲೆ," ಎಂದು ಫೋನ್ ಅವನ ಮೂಗಿಗೆ ಹಿಡಿದೆ.

ಅವನು ಫೋನಿನ ಕಡೆ ನೋಡಲೇ ಇಲ್ಲ. "ನಂಬರ್ ಫೋನ್ನ್ಯಾಗ ಐತ್ರಿ. ಇಲ್ಲಿ ಮುಂಜಾನೆನ ಟವಲ್ ಹಾಸಿ ಹೋಗ್ಯಾರ ಅವರ ಮಂದಿ. ಈಗ ಬರ್ತಾರ. ನೀವು ಹಿಂದ ಎಲ್ಲರ ಕುಂಡ್ರಿ, ಎಲ್ಲಿ ಕುಂತ್ರೂ ನಾಟಕ ಒಂದ."

"ಎಲ್ಲಿ ಕುಂತ್ರೂ ಒಂದ ಆದ್ರ ಧಣ್ಯಾರನ್ನ ಹಿಂದ ಕುಂಡ್ರಸು."

ದನಿ ಏರಿತು. ಅಕ್ಕಪಕ್ಕದವರು ತಿರುಗಿ ನೋಡಿದರು. ಒಬ್ಬರೂ ಏಳಲಿಲ್ಲ, ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರ ಕೈಯಲ್ಲೂ ನಮ್ಮದೇ ಬೆಳ್ಳಿಪಟ್ಟಿ. ಒಬ್ಬ ಹಿರಿಯ ಗೃಹಸ್ಥರು, "ಹೋಗ್ಲಿ ಬಿಡ್ರಿ ತಂಗಿ, ಯಾಕ ಸುಮ್ನ," ಎಂದರು. ಅವರ ಕುರ್ಚಿಗೆ ಟವೆಲ್ ಬಿದ್ದಿರಲಿಲ್ಲ, ಅವರಿಗೆ ಏನೂ ಹೋಗಬೇಕಾಗಿರಲಿಲ್ಲ.

ಅಷ್ಟರಲ್ಲಿ ಅವ್ವ ಹಿಂದಿನ ಕುರ್ಚಿಯಿಂದ ಆ ಟವೆಲ್ ತೆಗೆದುಕೊಂಡಳು. ಕೊಡವಿದಳು. ಮತ್ತೆ ನಮ್ಮ ಎರಡು ಕುರ್ಚಿಯ ಮೇಲೆ, ಮೊದಲು ಹೇಗಿತ್ತೋ ಹಾಗೆ, ಮಡಿಕೆ ಬೀಳದಂತೆ ಹಾಸಿದಳು.

"ಅವ್ವಾ!"

"ಇನ್ನೊಬ್ಬರು ಹಾಸಿದ್ದನ್ನ ತಗೀಬಾರದು," ಎಂದಳು. "ಆಕಿ ಪರದೆ ಹಿಂದ ಇರ್ತಾಳ, ಜಗಳಾ ಕೇಳಿದ್ರ ಏನಂದಾಳು? ಹಾಡೂಮುಂದ ದನಿ ನಡುಗತೈತಿ. ನಡಿ ಹಿಂದ."

ನನಗೆ ಅವ್ವನ ಮೇಲೂ ಸಿಟ್ಟು ಬಂತು. ಜೀವಮಾನವಿಡೀ ಕಂಡವರ ಟವೆಲಿಗೆ ಮರ್ಯಾದೆ ಕೊಟ್ಟುಕೊಂಡೇ ಬಂದವಳು, ತನ್ನ ಮಗಳು ಕೊಂಡ ಕುರ್ಚಿಯನ್ನೂ ಅದಕ್ಕೇ ಕೊಟ್ಟುಬಿಟ್ಟಳು. ಅವಳು ಮಾಡಿದ್ದು ಸಭ್ಯತನ ಎಂದು ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಅದು ಇನ್ನೂ ಅಸಹ್ಯ.

ಹಿಂದೆ ಕುರ್ಚಿ ಇರಲಿಲ್ಲ. ಗೋಲ್ಡಿನವರನ್ನು ಟವೆಲಿಗೆ ಕುರ್ಚಿ ಬಿಟ್ಟ ಡೈಮಂಡಿನವರು ಎಬ್ಬಿಸಿದ್ದರು, ಸಿಲ್ವರಿನವರನ್ನು ಗೋಲ್ಡಿನವರು. ಎಲ್ಲಕ್ಕೂ ಹಿಂದೆ ತಗಡಿನ ಗೋಡೆಗೆ ಒರಗಿ ನಿಂತೆವು. ಪರದೆ ಮೇಲೇರಿತು. ಅವ್ವನಿಗಿಂತ ಎತ್ತರದ ನೂರಾರು ತಲೆ, ತಲೆಗಳ ಮೇಲೆ ಎತ್ತಿ ಹಿಡಿದ ಫೋನು. ರಾಣಿ ಬಂದಳೆಂದು ಚಪ್ಪಾಳೆ ಬಿತ್ತು. ಅವ್ವ ತುದಿಗಾಲಲ್ಲಿ ನಿಂತಳು, ನನ್ನ ಭುಜ ಹಿಡಿದು ಎಗರಿದಳು. "ಯಾವ ಬಣ್ಣದ ಸೀರಿ ಉಟ್ಟಾಳ?" ಎಂದು ಕೇಳಿದಳು. ನನಗೂ ಕಾಣುತ್ತಿರಲಿಲ್ಲ. ಎದುರಿನವನ ಫೋನಿನ ಪರದೆಯಲ್ಲಿ ಹೆಬ್ಬೆರಳಿನಷ್ಟು ರಾಣಿ ಕಂಡಳು. "ಹಸರು," ಎಂದೆ.

ಸ್ವಲ್ಪ ಹೊತ್ತಿಗೆ ಅವಳ ಮೊಣಕಾಲು ನಡುಗಲು ಹತ್ತಿದವು. ಹೊರಗೆ ಕರೆದುಕೊಂಡು ಬಂದು ರಸ್ತೆಯ ಆಚೆ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂರಿಸಿದೆ. ನೀರು ಕುಡಿಸಿ, ಒಂದು ಸಲ ನೋಡಿ ಬರುತ್ತೇನೆಂದು ಬಾಗಿಲಿಗೆ ಹೋದೆ. ಹೊರಗೆ ಬಂದವರನ್ನು ತಿರುಗಿ ಬಿಡುವುದಿಲ್ಲ ಎಂದರು. ಕೈಯ ಪಟ್ಟಿ ತೋರಿಸಿದೆ. ಹೊರಗೆ ಬಂದ ಕೂಡಲೇ ಅದು ಸತ್ತ ಹಾಗಂತೆ, ಬೇಕಾದರೆ ಹೊಸ ಟಿಕೀಟು ಕೊಳ್ಳಬೇಕಂತೆ. ಪಕ್ಕಕ್ಕೆ ಸರಿದು ಮುಂದಿನ ಸಾಲುಗಳ ನೇರಕ್ಕೆ ತಗಡಿನ ಸಂದಿಯಿಂದ ಇಣುಕಿದೆ. ವೇದಿಕೆಯ ಬೆಳಕು ಮುಂದಿನ ಸಾಲುಗಳ ಮೇಲೆ ಚೆಲ್ಲಿತ್ತು. ಎರಡನೇ ಸಾಲಿನ ನಟ್ಟನಡುವೆ ಆ ಎರಡು ಕುರ್ಚಿ ಖಾಲಿ ಇದ್ದವು. ಟವೆಲ್ ಅವ್ವ ಹಾಸಿದ ಹಾಗೆಯೇ ಇತ್ತು. ಧಣಿ ಅವತ್ತು ನಾಟಕಕ್ಕೆ ಬರಲೇ ಇಲ್ಲ. ಬೇರೆ ಎಲ್ಲೋ ಊಟಕ್ಕೆ ಹೋಗಿದ್ದನಂತೆ. ಹಾಸಿದವರಿಗೆ ಅದನ್ನು ತೆಗೆಯುವ ನೆನಪೂ ಆಗಿರಲಿಲ್ಲ. ಥೂ ಎಂದು ಅಲ್ಲೇ ಉಗುಳಿದೆ. ಕಾವಲಿನವನು ಸ್ವಚ್ಛತೆಯ ಬಗ್ಗೆ ಏನೋ ಹೇಳಿದ.

ಕಟ್ಟೆಗೆ ಬಂದು ಕೂತೆ. ಲೌಡ್‌ಸ್ಪೀಕರಿನಲ್ಲಿ ಹಾರ್ಮೋನಿಯಂ ಪೇಟಿ ಸ್ವರ ಹಿಡಿಯಿತು. ತವರಿನ ಹಾಡು. ಅವ್ವ ಸೆರಗಿನ ತುದಿ ಹಿಡಿದುಕೊಂಡು ಕೂತಳು. ಎದುರಿಗೆ ಹತ್ತಿಯ ಲಾರಿಗಳು ಹೋದವು, ಒಂದೊಂದು ಲಾರಿಗೂ ಎರಡೆರಡು ಸಾಲು ಕೇಳದೆ ಹೋದವು. ಆದರೂ ಹಾಡು ಹಾಡೇ. ಮುಗಿದಾಗ ಒಳಗೆ ಚಪ್ಪಾಳೆ ಬಿತ್ತು. ಅವ್ವ ಕಣ್ಣು ಒರೆಸಿಕೊಳ್ಳಬೇಕು ಅನ್ನುವಷ್ಟರಲ್ಲಿ ಅದೇ ಹಾಡು ಮೊದಲಿನಿಂದ ಮತ್ತೆ ಸುರುವಾಯಿತು. ನಾಟಕದಲ್ಲಿ ಮಂದಿ ವನ್ಸ್ ಮೋರ್ ಎಂದು ಕೂಗಿದರೆ ಹಾಡು ಮತ್ತೆ ಹಾಡುವುದು ಹಳೆಯ ರೂಢಿ. ಆದರೆ ಯಾರೂ ಕೂಗಿದ್ದು ನನಗೆ ಕೇಳಿರಲಿಲ್ಲ. ಈ ಸಲ ದನಿ ಮೇಲಿನ ಸ್ವರಕ್ಕೆ ಹೋಗುವಾಗ ತುಸು ಒಡೆಯಿತು.

ಅವ್ವನ ಮುಖ ಗಂಟಾಯಿತು. "ಯಾವನೋ ರೊಕ್ಕದ ಸೊಕ್ಕಿನಾವ ಹೇಳಿರಬೇಕು ಮತ್ತ ಹಾಡು ಅಂತ," ಎಂದಳು. "ಕೂಸಿನ ಗಂಟಲಾ ಹರಿಯಾಕತ್ತೈತಿ, ಅವನ ಬಾಯಾಗ ಮಣ್ಣ ಬೀಳಲಿ. ಮುಂದಿನ ಕುರ್ಚ್ಯಾಗ ಕುಂತವರ ಹಣೇಬರಾನ ಇಷ್ಟು. ಅವರ ವಂಶಾ ಹಾಳಾಗಲಿ."

ನಾನು ಮನಸಾರೆ ಹೂಂಗುಟ್ಟಿದೆ. ನಾನೂ ಎರಡು ಬೈಗುಳ ಸೇರಿಸಿದೆ.

ನಾಟಕ ಮುಗಿದು ಮಂದಿ ಹೊರಗೆ ಬಂದರು. ವೇಷದಲ್ಲಿರುವ ಮಗಳನ್ನಾದರೂ ತೋರಿಸೋಣವೆಂದು ಅವ್ವನ ಕೈ ಹಿಡಿದು ಹಿಂಬಾಗಿಲಿಗೆ ನಡೆದೆ. ಅಲ್ಲೂ ಒಂದು ಮೇಜು, ಮೇಜಿನ ಹಿಂದೆ ಒಬ್ಬ. ವೇಷದ ಕಲಾವಿದರ ಜೊತೆ ಫೋಟೋ ಬೇಕಾದರೆ ಬೇರೆ ಟಿಕೀಟು.

"ಫೋಟೋ ಬ್ಯಾಡಪಾ, ನನ್ನ ಮಗಳನ್ನ ನೋಡ್ತೇನಿ," ಎಂದಳು ಅವ್ವ.

"ಎಲ್ಲಾರೂ ಹಿಂಗ ಅಂತಾರ್ರಿ ಅಜ್ಜಿ."

ನಾನು ಪರ್ಸು ತೆಗೆದೆ. ಅವ್ವ ನನ್ನ ಕೈ ಬಿಗಿಯಾಗಿ ಹಿಡಿದಳು. "ಬ್ಯಾಡ. ಮಗಳ ಮಾರಿ ನೋಡಾಕ ರೊಕ್ಕಾ ಕೊಡಂಗಿಲ್ಲ ನಾ," ಎಂದು ತಿರುಗಿ ಕಟ್ಟೆಗೆ ಹೋಗಿ ಕೂತಳು. ನಾನು ತಂಗಿಗೆ ಫೋನ್ ಹಚ್ಚಿದೆ.

ತಂಗಿ ಬಂದಳು. ಬಣ್ಣ ತೊಳೆದು, ಹಳೆಯ ಚೂಡಿದಾರ ಹಾಕಿಕೊಂಡು, ಒದ್ದೆ ಮುಖದಲ್ಲೇ ರಸ್ತೆ ದಾಟಿ ಓಡಿಬಂದಳು. ಅವ್ವ ಬೇಡಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರೂ ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ನಂಬಲಾರದವಳ ಹಾಗೆ ಒಮ್ಮೆ ನನ್ನನ್ನು, ಒಮ್ಮೆ ಅವ್ವನನ್ನು ನೋಡಿದಳು.

"ಅದು ನಿಮ್ಮ ಟವಲ್ ಅಲ್ಲೇನ?" ಎಂದಳು.

ಅವ್ವ ಅಲ್ಲವೆಂದು ತಲೆಯಾಡಿಸಿದಳು.

"ನಾ ನಿಮ್ಮದ ಅಂತ ತಿಳ್ಕೊಂಡೆ. ಜಾಗಾ ಹಿಡದು ಎಲ್ಲೋ ಚಹಾಕ್ಕ ಹೋಗೀರಿ, ಅವ್ವಗ ನಡ್ಯಾಕ ತಡಾ ಆಗಾಕತ್ತೈತಿ ಅಂತ. ಪ್ರತಿ ಸೀನಿಗೆ ಬಂದಾಗೂ ಅದನ್ನ ನೋಡಿದೆ. ಹಾಡು ಮುಗದ್ರೂ ನೀವು ಬರಲಿಲ್ಲ." ಮುಖದ ನೀರನ್ನು ತೋಳಿನಿಂದ ಒರೆಸಿಕೊಂಡಳು. "ಅದಕ್ಕ ಪೇಟಿ ಮಾಸ್ತರಗ ಕಣ್ಸನ್ನೆ ಮಾಡಿ ಇನ್ನೊಮ್ಮೆ ಹಾಡಿದೆ. ಅಷ್ಟರಾಗರ ಅವ್ವ ಬಂದಾಳು ಅಂತ. ಮ್ಯಾನೇಜರ್ ಬೈದ."

ಅವ್ವ ಹೋಳಿಗೆಯ ಗಂಟನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದಳು. ಬಹಳ ಹೊತ್ತು ಆ ಗಂಟನ್ನೇ ಬಿಚ್ಚುತ್ತ ಕಟ್ಟುತ್ತ ಇದ್ದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಎರಡನೇ ಸಲ ಹಾಡಿದ್ದು ನನಗೇನವ್ವಾ?"

"ಹೂಂ."

"ನಾ ಬೈದ್ನೆವ್ವಾ," ಎಂದಳು ಅವ್ವ. "ಅದನ್ನ ಮತ್ತ ಹಾಡಿಸಿದವರ ವಂಶಾ ಹಾಳಾಗಲಿ ಅಂತ, ಇಲ್ಲೆ ಕುಂತು ಬೈದೆ."